ಮನೆಯ ಒಳಾಲಂಕಾರ: ಚಾಲ್ತಿಯಲ್ಲಿರುವುದೋ, ಮನಸ್ಸಿಗೆ ಹಿಡಿಸಿದ್ದೋ? ಆರಿಸಿಕೊಳ್ಳುವ ಮೊದಲು ತೂಗಿ ನೋಡಬೇಕಾದ ಸಂಗತಿಗಳು

ಬೆಳಗಾವಿಯ ಹೊಸ ಬಡಾವಣೆಗಳಲ್ಲಾಗಲಿ, ಬಾಗಲಕೋಟೆಯ ನವನಗರದಲ್ಲಾಗಲಿ, ವಿಜಯಪುರದ ಹೊರವಲಯದಲ್ಲಾಗಲಿ ಈಗ ವಾಸ್ತುಶಾಂತಿಗೆ ಹೋದರೆ ಒಂದೇ ಮನೆಗೆ ಮತ್ತೆ ಮತ್ತೆ ಹೋದಂತಾಗುತ್ತದೆ. ಟಿ.ವಿ. ಹಿಂದೆ ಪಟ್ಟಿ ಪಟ್ಟಿಯ ಲೂವರ್ ಪ್ಯಾನೆಲ್, ಅದರ ಪಕ್ಕ ಮಾರ್ಬಲ್ ಎಂದೇ ಭ್ರಮೆ ಹುಟ್ಟಿಸುವ ಪಿ.ವಿ.ಸಿ. ಹಾಳೆ, ಮೇಲೆ ಅಂಚಿನಲ್ಲಿ ದೀಪ ಅಡಗಿಸಿದ ಪಿ.ಒ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್, ಕೆಳಗೆ ಥಳಥಳಿಸುವ ಟೈಲ್ಸ್, ಮೂಲೆಯಲ್ಲಿ ಬುದ್ಧನ ಮುಖ, ಗೋಡೆಯ ಮೇಲೆ ಓಡುವ ಏಳು ಕುದುರೆಗಳು. ಇವುಗಳಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ. ಆದರೆ ಮನೆ ಕಟ್ಟಿಸುತ್ತಿರುವವರು, ಹಳೆಯ ಮನೆಯನ್ನು ರಿಪೇರಿ ಮಾಡಿಸುತ್ತಿರುವವರು ಕೇಳುವ ಪ್ರಶ್ನೆ ಮಾತ್ರ ಒಂದೇ ಆಗಿರುತ್ತದೆ: ಎಲ್ಲರೂ ಮಾಡಿಸಿದ್ದನ್ನೇ ಮಾಡಿಸಿದರೆ ನಾಲ್ಕು ವರ್ಷದಲ್ಲಿ ಬೇಸರವಾಗುವುದಿಲ್ಲವೇ, ನಮಗೆ ಹಿಡಿಸಿದ್ದನ್ನು ಮಾಡಿಸಿದರೆ ಬಂದವರು ಹಳೆಯ ಕಾಲದ ಮನೆ ಎನ್ನುವುದಿಲ್ಲವೇ?

ಈ ಪ್ರಶ್ನೆಗೆ ಇಡೀ ಮನೆಗೆ ಅನ್ವಯಿಸುವ ಒಂದೇ ಉತ್ತರವಿಲ್ಲ. ನೆಲಕ್ಕೆ ಸಲ್ಲುವ ಉತ್ತರ ಪರದೆಗೆ ಸಲ್ಲುವುದಿಲ್ಲ, ಬೆಳಗಾವಿಗೆ ಸಲ್ಲುವುದು ವಿಜಯಪುರಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಮೊದಲು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಳತೆಗೋಲು, ಮಾಡಿಸಿದ್ದನ್ನು ತೆಗೆದುಹಾಕುವುದು ಎಷ್ಟು ಕಷ್ಟ ಎಂಬುದು. ಪರದೆ ಬದಲಿಸಲು ಅರ್ಧ ಗಂಟೆ ಸಾಕು, ಬಣ್ಣ ಬದಲಿಸಲು ಕೆಲವು ದಿನ ಸಾಕು. ನೆಲ ಬದಲಿಸಬೇಕೆಂದರೆ ಮನೆಯನ್ನೇ ಖಾಲಿ ಮಾಡಿ, ಬಾಗಿಲುಗಳ ಕೆಳಅಂಚನ್ನು ಕೊಯ್ಯಿಸಿ, ತಿಂಗಳುಗಟ್ಟಲೆ ಧೂಳು ಕುಡಿಯಬೇಕಾಗುತ್ತದೆ. ಎರಡನೆಯದು ನಮ್ಮ ಊರಿನ ಬಿಸಿಲು, ಧೂಳು, ನೀರು ಮತ್ತು ನೆಲ. ಮುಂಬಯಿಯ ಫ್ಲ್ಯಾಟಿಗಾಗಿ ಹುಟ್ಟಿದ ಅಲಂಕಾರವು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಎರೆಮಣ್ಣಿನ ಮೇಲೆ ನಿಂತ, ಬೋರಿನ ಸವಳು ನೀರು ಬಳಸುವ ವಿಜಯಪುರದ ಮನೆಯಲ್ಲಿ ಹೇಗೆ ಬಾಳುತ್ತದೆ ಎಂಬುದನ್ನು ಕ್ಯಾಟಲಾಗ್ ಹೇಳುವುದಿಲ್ಲ. ಮೂರನೆಯದು ಮನೆಯವರ ದಿನಚರಿ: ಕಸ ಹೊಡೆಯುವವರು ಯಾರು, ನೆಲದ ಮೇಲೆ ಕೂತು ಉಣ್ಣುವವರು ಎಷ್ಟು ಮಂದಿ, ಹಬ್ಬಕ್ಕೆ ಬೀಗರು ಬಂದರೆ ಎಲ್ಲಿ ಮಲಗುತ್ತಾರೆ. ಹಣದ ಲೆಕ್ಕವನ್ನು ಇವುಗಳ ನಂತರ ಇಡುತ್ತೇನೆ, ಏಕೆಂದರೆ ಮೊದಲು ಕೊಡುವ ಬೆಲೆಗಿಂತ ಮುಂದಿನ ಹತ್ತು ವರ್ಷಗಳ ನಿರ್ವಹಣೆಯ ಖರ್ಚೇ ನಿಜವಾದ ಬೆಲೆ.

ಕೊನೆಯದು ಅಭಿರುಚಿಯ ಪರೀಕ್ಷೆ. ಈ ವಸ್ತುವನ್ನು ಮೊಬೈಲಿನಲ್ಲಿ ಅಥವಾ ಪಕ್ಕದವರ ಮನೆಯಲ್ಲಿ ನೋಡುವ ಮೊದಲೇ ಇಂಥದ್ದೊಂದು ನಮಗೆ ಬೇಕೆನಿಸಿತ್ತೇ? ಬೇಕೆನಿಸಿರಲಿಲ್ಲ ಎಂದಾದರೆ ಅದನ್ನು ಬಿಡಲೇಬೇಕೆಂದೇನಿಲ್ಲ. ಆದರೆ ಸುಲಭವಾಗಿ ತೆಗೆಯಬಹುದಾದ ಜಾಗದಲ್ಲಿ ಮಾತ್ರ ಇಟ್ಟುಕೊಳ್ಳಬೇಕು.

ಇನ್ನು ಮುಂದಿರುವ ದಾರಿಗಳು ಸ್ಥೂಲವಾಗಿ ಮೂರು. ಚಾಲ್ತಿಯಲ್ಲಿರುವ ಮಾದರಿಯನ್ನು ಇಂಟೀರಿಯರ್ ಗುತ್ತಿಗೆದಾರನಿಗೆ ಇಡಿಯಾಗಿ ಒಪ್ಪಿಸುವುದು ಒಂದು. ಕಲ್ಲು, ಕಟ್ಟಿಗೆ, ಸುಣ್ಣ, ಕೈಮಗ್ಗದ ಬಟ್ಟೆ ಮೊದಲಾದ ನಮ್ಮ ಭಾಗದ ಸಾಮಗ್ರಿಗಳಿಂದಲೇ ಮನೆಯನ್ನು ಸಿಂಗರಿಸುವುದು ಇನ್ನೊಂದು. ನೆಲ, ಗೋಡೆ, ಚಾವಣಿಗಳನ್ನು ಸಾದಾ ಇಟ್ಟುಕೊಂಡು, ಮೇಲಿನ ಸಾಮಾನುಗಳಲ್ಲಿ ಕಾಲಕಾಲಕ್ಕೆ ಬದಲಾವಣೆ ಮಾಡಿಕೊಳ್ಳುತ್ತ ಹೋಗುವುದು ಮೂರನೆಯದು. ಎರಡನೆಯ ದಾರಿಯೇ ಸ್ವಂತ ಅಭಿರುಚಿಯದು ಎಂಬ ನಂಬಿಕೆ ಹಲವರಲ್ಲಿದೆ. ಅದು ಪೂರ್ಣ ಸತ್ಯವಲ್ಲ. ಕೆಡವಿದ ವಾಡೆಯ ಕೆತ್ತನೆಯ ಬಾಗಿಲನ್ನು ತಂದು ಟಿ.ವಿ. ಹಿಂದೆ ನಿಲ್ಲಿಸುವುದು, ಹಿತ್ತಾಳೆಯ ಉರುಳಿಯಲ್ಲಿ ಹೂವು ತೇಲಿಬಿಡುವುದು ಕೂಡ ಈಗ ಲೂವರ್ ಪ್ಯಾನೆಲ್ಲಿನಷ್ಟೇ ಸವೆದ ಟ್ರೆಂಡ್. ಮನೆಯಲ್ಲಿ ಬಳಕೆಯೇ ಇಲ್ಲದ ಹಳೆಯ ವಸ್ತುವನ್ನು ನೋಟಕ್ಕಾಗಿ ಕೊಂಡು ತಂದರೆ ಅದೂ ಇನ್ನೊಬ್ಬರ ರುಚಿಯೇ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಕುಟುಂಬವೊಂದು ತನ್ನದೇ ಹೊಸ್ತಿಲನ್ನೋ ತೊಲೆಯನ್ನೋ ಹೊಸ ಮನೆಗೆ ಕೂಡಿಸಿಕೊಂಡರೆ ಅದರ ತೂಕ ಬೇರೆ.

ಈಗ ನೆಲದಿಂದ ಆರಂಭಿಸೋಣ. ತೆಗೆಯುವುದು ಅತ್ಯಂತ ಕಷ್ಟವಾದದ್ದು ಅದೇ ಆದ್ದರಿಂದ ಹೆಚ್ಚಿನ ವಿಚಾರವೂ ಅದಕ್ಕೇ ಸಲ್ಲಬೇಕು.

ಇಂದು ಬಹುತೇಕ ಮನೆಗಳಿಗೆ ಬರುವುದು ಗುಜರಾತಿನ ಮೋರ್ಬಿ ಕಡೆಯಿಂದ ಬರುವ, ಎರಡಡಿ ಅಗಲ ನಾಲ್ಕಡಿ ಉದ್ದದ ಹೊಳಪಿನ ವಿಟ್ರಿಫೈಡ್ ಟೈಲ್ಸ್. ಇವು ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ, ಹಾಕುವುದು ಬೇಗ, ಸಂದುಗಳು ಕಡಿಮೆ, ಕಲೆ ಸುಲಭವಾಗಿ ಒಳಕ್ಕೆ ಇಳಿಯುವುದಿಲ್ಲ. ಇಷ್ಟರಮಟ್ಟಿಗೆ ಇದು ಒಳ್ಳೆಯ ಸಾಮಗ್ರಿಯೇ. ತೊಂದರೆ ಇರುವುದು ಹೊಳಪಿನಲ್ಲಿ ಮತ್ತು ಬಣ್ಣದಲ್ಲಿ. ಕಡುಬೂದು ಅಥವಾ ಕಪ್ಪು ಬಣ್ಣದ ಹೊಳಪಿನ ಟೈಲ್ಸನ್ನು ಬೋರಿನ ನೀರಿನಿಂದ ಒರೆಸಿ, ಫ್ಯಾನ್ ಹಾಕಿ ಒಣಗಲು ಬಿಡಿ. ಬಾಗಿಲಿನ ಬೆಳಕಿಗೆ ಓರೆಯಾಗಿ ನೋಡಿದರೆ ಒರೆಸುವ ಬಟ್ಟೆ ಹೋದ ದಾರಿಯುದ್ದಕ್ಕೂ ಸವಳಿನ ಬಿಳಿಯ ಗೆರೆಗಳು ಬಾಗಿ ಬಾಗಿ ಎದ್ದಿರುತ್ತವೆ, ಅವುಗಳ ಮೇಲೆ ಬರಿಗಾಲಿನ ಗುರುತು ಮೂಡಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಿಂದ ಬಂದ ಸಣ್ಣ ಧೂಳು ಅದರ ಮೇಲೆ ಕೂತಿರುತ್ತದೆ. ಇದೇ ನೆಲವನ್ನು ಮಂದ ಹೊಳಪಿನ, ಮಣ್ಣಿನ ಛಾಯೆಯ ಅಥವಾ ಸಣ್ಣ ಚುಕ್ಕೆಗಳಿರುವ ಟೈಲ್ಸಿನಲ್ಲಿ ಹಾಕಿಸಿದ್ದರೆ ಈ ಗೋಳಿನ ಮುಕ್ಕಾಲು ಪಾಲು ಇರುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರಂತೂ ಹೊಳಪಿನ ನೆಲದ ಮೇಲೆ ನೀರು ಚೆಲ್ಲಿದಾಗ ಜಾರುವ ಭಯ ಬೇರೆ.

ಇನ್ನೊಂದು ಆಯ್ಕೆ ಕಲ್ಲು. ನಮ್ಮಷ್ಟು ಕಲ್ಲಿನ ಭಾಗ್ಯ ಇರುವ ಜಿಲ್ಲೆಗಳು ಕಡಿಮೆ. ಇಳಕಲ್ಲಿನ ಗುಲಾಬಿಗೆಂಪು ಗ್ರಾನೈಟ್ ವಿದೇಶಗಳಿಗೂ ಹೋಗುತ್ತದೆ; ತಾಳಿಕೋಟೆಯ ಸುಣ್ಣಕಲ್ಲಿನ ಹಾಸುಗಳು, ಪಕ್ಕದ ಕಲಬುರಗಿ ಜಿಲ್ಲೆಯ ಶಹಾಬಾದ್ ಫರಸಿ, ಗುಳೇದಗುಡ್ಡ–ಬಾದಾಮಿ ಕಡೆಯ ಕೆಂಪು ಮರಳುಗಲ್ಲು ಎಲ್ಲವೂ ಲಾರಿ ಒಂದು ದಿನದಲ್ಲಿ ಮುಟ್ಟಿಸುವಷ್ಟು ಸಮೀಪದಲ್ಲಿವೆ. ಫರಸಿಯ ನೆಲ ಬೇಸಿಗೆಯಲ್ಲಿ ಪಾದಕ್ಕೆ ತಂಪು, ಮಧ್ಯಾಹ್ನ ಚಾಪೆಯಿಲ್ಲದೆಯೂ ಅದರ ಮೇಲೆ ಮಲಗಬಹುದು, ಧೂಳು ಅದರ ಬಣ್ಣದಲ್ಲಿ ಎದ್ದು ಕಾಣುವುದಿಲ್ಲ. ಆದರೆ ಅದು ಸುಣ್ಣಕಲ್ಲು. ಲಿಂಬೆರಸ, ಹುಣಸೆಹುಳಿ, ಪಾಯಖಾನೆ ತೊಳೆಯುವ ಆ್ಯಸಿಡ್ ಬಿದ್ದರೆ ಬಿದ್ದಲ್ಲಿ ಪಾಲಿಶ್ ಸುಟ್ಟು ಮಂಕಾದ ಗುರುತು ಉಳಿಯುತ್ತದೆ. ಆದ್ದರಿಂದ ಪಡಸಾಲೆಗೆ, ಮಲಗುವ ಕೋಣೆಗೆ, ಹೊರಗಿನ ಕಟ್ಟೆಗೆ ಅದು ಒಪ್ಪುತ್ತದೆಯೇ ಹೊರತು ಅಡುಗೆಮನೆಗೆ ಮತ್ತು ಬಚ್ಚಲಿಗೆ ಅಲ್ಲ. ಅಡುಗೆಮನೆಗೆ ಗ್ರಾನೈಟ್ ಉತ್ತಮ, ಹುಳಿಗೆ ಅದು ಜಗ್ಗುವುದಿಲ್ಲ. ಮರಳುಗಲ್ಲು ನೋಡಲು ಬಲು ಚೆಂದ, ಆದರೆ ನೀರನ್ನೂ ಎಣ್ಣೆಯನ್ನೂ ಹೀರುತ್ತದೆ. ಅಂಗಳಕ್ಕೂ ಹೊರಗೋಡೆಗೂ ಇಟ್ಟುಕೊಳ್ಳುವುದು ಲೇಸು.

ಕಲ್ಲಿನ ಇನ್ನೊಂದು ಗುಣವನ್ನು ಖರ್ಚಿನ ಲೆಕ್ಕದಲ್ಲಿ ಮರೆಯಬಾರದು. ಹತ್ತು ಹದಿನೈದು ವರ್ಷಗಳ ಮೇಲೆ ಮಂಕಾದ ಫರಸಿಯನ್ನು ಮತ್ತೆ ತಿಕ್ಕಿಸಿ ಪಾಲಿಶ್ ಮಾಡಿಸಬಹುದು. ಟೈಲ್ಸಿನ ಮೇಲಿನ ಪದರು ಸವೆದರೆ ಅದನ್ನು ಕೀಳದೆ ಬೇರೆ ದಾರಿಯಿಲ್ಲ; ಒಂದೇ ಟೈಲ್ ಒಡೆದರೂ ಆ ವಿನ್ಯಾಸ ಅಷ್ಟರಲ್ಲಿ ಅಂಗಡಿಯಿಂದ ಮಾಯವಾಗಿರುತ್ತದೆ. ಟೈಲ್ಸನ್ನೇ ಆರಿಸುವವರು ಬೇಕಾದ್ದಕ್ಕಿಂತ ಒಂದೆರಡು ಡಬ್ಬಿ ಹೆಚ್ಚು ಕೊಂಡು ಅಟ್ಟದಲ್ಲಿ ಇಟ್ಟುಕೊಳ್ಳಲಿ. ಆದರೆ ಕಲ್ಲು ಹಾಸಲು ಕೈ ಪಳಗಿದ ಗವಂಡಿ ಬೇಕು, ಪಾಲಿಶಿಗೆ ದಿನಗಳು ಬೇಕು, ಹಾಸಿನ ಬಣ್ಣ ಒಂದರಂತೆ ಒಂದಿರುವುದಿಲ್ಲ. ಈ ಏರುಪೇರು ಕಣ್ಣಿಗೆ ಹಿತವೆನಿಸದವರು ಒತ್ತಾಯಕ್ಕೆ ಕಲ್ಲು ಹಾಕಿಸಬಾರದು.

ಚಾವಣಿಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಹತ್ತಡಿ ಎತ್ತರದ ಸ್ಲ್ಯಾಬಿಗೆ ಪೂರ್ತಿ ಪಿ.ಒ.ಪಿ. ಸೀಲಿಂಗ್ ಬೇಡ. ಅದು ಸಾಮಾನ್ಯವಾಗಿ ಅರ್ಧ ಅಡಿಯಿಂದ ಮುಕ್ಕಾಲು ಅಡಿ ಕೆಳಗೆ ಇಳಿಯುತ್ತದೆ. ಫ್ಯಾನಿನ ರೆಕ್ಕೆಗೂ ಚಾವಣಿಗೂ ನಡುವೆ ಸುಮಾರು ಒಂದಡಿ ಇದ್ದರೆ ಗಾಳಿ ಚೆನ್ನಾಗಿ ಬೀಸುತ್ತದೆ. ಸೀಲಿಂಗ್ ಇಳಿದ ಮೇಲೆ ಆ ಒಂದಡಿಯನ್ನೂ ಕೊಟ್ಟರೆ ರೆಕ್ಕೆ ತಲೆಯ ಹತ್ತಿರ ಬರುತ್ತದೆ, ಕೊಡದಿದ್ದರೆ ಏಪ್ರಿಲ್ ತಿಂಗಳಲ್ಲಿ ಸೆಖೆ ತಡೆಯಲಾಗದು. ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆಗೆ ಸಾಮಾನ್ಯವಾಗಿ ಕೇಳುವ ಕನಿಷ್ಠ ಎತ್ತರವೇ 2.75 ಮೀಟರ್, ಅಂದರೆ ಒಂಬತ್ತಡಿ. ಅಂಚಿನ ದೀಪದ ಸಂದಿನಲ್ಲಿ ಕೂರುವ ಧೂಳು, ಹುಳ, ಹಲ್ಲಿಗಳನ್ನು ತೆಗೆಯಲು ಏಣಿ ಹಾಕಬೇಕು. ಬೆಳಗಾವಿ, ಖಾನಾಪುರದ ಕಡೆ ತೊಂದರೆ ಬೇರೆ ರೀತಿಯದು: ಅಲ್ಲಿನ ಮಳೆಗಾಲದಲ್ಲಿ ಸ್ಲ್ಯಾಬ್ ಎಲ್ಲಿಯಾದರೂ ಜಿನುಗಿದರೆ ಪಿ.ಒ.ಪಿ. ಅದನ್ನು ಹೀರಿ ಹಳದಿ ಕಲೆಯಾಗಿ ತೋರಿಸುತ್ತದೆ, ಅಷ್ಟರಲ್ಲಿ ಸೋರುವಿಕೆ ಹಳತಾಗಿರುತ್ತದೆ.

ಸೀಲಿಂಗ್ ಮಾಡಿಸಿದರೆ ಮನೆ ತಂಪಾಗುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ, ನಡುವಿನ ಗಾಳಿಯ ಪದರು ಕಾವನ್ನು ಒಂದಷ್ಟು ತಡೆಯುತ್ತದೆ. ಆದರೆ ಬಿಸಿಲು ಬೀಳುವುದು ಮಾಳಿಗೆಯ ಮೇಲೆ, ಆದ್ದರಿಂದ ಅಲ್ಲೇ ಅದನ್ನು ತಡೆಯುವುದು ಜಾಣತನ. ಬೇಸಿಗೆಗೆ ಮುಂಚೆ ಮಾಳಿಗೆಗೆ ಬಿಳಿ ಸುಣ್ಣ ಅಥವಾ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿಯ ಪೇಂಟ್ ಬಳಿಸುವುದು ಸೀಲಿಂಗಿಗಿಂತ ಬಹಳ ಅಗ್ಗ. ಅಡಗಿದ ದೀಪದ ಮೃದುವಾದ ಬೆಳಕೇ ನಿಮಗೆ ಇಷ್ಟವಾಗಿದ್ದರೆ ಅದಕ್ಕೆ ಸೀಲಿಂಗ್ ಬೇಕಿಲ್ಲ. ಗೋಡೆಯ ದೀಪಗಳಲ್ಲಿ 6500 ಕೆಲ್ವಿನ್ನಿನ ಬಿಳಿ ಎಲ್‌ಇಡಿ ತೆಗೆದು 3000 ಕೆಲ್ವಿನ್ನಿನ ಹಳದಿ ಛಾಯೆಯದನ್ನು ಹಾಕಿ ನೋಡಿ. ಮಲಗುವ ಕೋಣೆಯ ಸುತ್ತ ಮಾತ್ರ ಸಣ್ಣ ಪಟ್ಟಿ ಮಾಡಿಸಿ, ಫ್ಯಾನಿನ ಭಾಗವನ್ನು ಹಾಗೆಯೇ ಬಿಡುವುದು ಒಪ್ಪಬಹುದಾದ ನಡುದಾರಿ.

ಗೋಡೆಗೆ ಬಂದರೆ ನಮ್ಮ ಎರೆಮಣ್ಣನ್ನು ನೆನೆಯಲೇಬೇಕು. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುವ ಈ ನೆಲದ ಮೇಲೆ ಪಾಯ ಎಷ್ಟೇ ಗಟ್ಟಿ ಹಾಕಿದರೂ ಗಿಲಾವಿನಲ್ಲಿ ಕೂದಲೆಳೆಯ ಬಿರುಕುಗಳು ಬರುವುದುಂಟು. ಬಣ್ಣದ ಗೋಡೆಯಲ್ಲಿ ಬಿರುಕು ಬಂದರೆ ಪುಟ್ಟಿ ತುಂಬಿ ಮತ್ತೆ ಬಳಿಯಬಹುದು. ವಾಲ್‌ಪೇಪರ್ ಅಂಟಿಸಿದ ಗೋಡೆಯಲ್ಲಿ ಅದು ಸುಕ್ಕಾಗಿಯೋ ಹರಿದೋ ಕಾಣುತ್ತದೆ, ಪಿ.ವಿ.ಸಿ. ಹಾಳೆಯ ಹಿಂದಾದರೆ ಕಾಣುವುದೇ ಇಲ್ಲ. ಕಾಣದಿರುವುದೇ ಅನುಕೂಲವೆಂದು ಅಂಗಡಿಯವರು ಹೇಳುತ್ತಾರೆ. ಕೆಳಗಿನಿಂದ ತೇವ ಏರಿ ಸವಳು ಹಿಡಿದು ಉದುರುವ ಗೋಡೆಯನ್ನು ಹಾಳೆಯಿಂದ ಮುಚ್ಚಿದರೆ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಅದು ಇನ್ನೂ ಮೇಲಕ್ಕೆ ಏರುತ್ತದೆ. ಮೊದಲು ತೇವದ ಮೂಲವನ್ನು ಹಿಡಿದು ಸರಿಪಡಿಸಬೇಕು. ಅದಾದ ಮೇಲೂ ಪ್ಯಾನೆಲ್ ಬೇಕೆನಿಸಿದರೆ ಒಣಗೋಡೆಯ ಒಂದು ಭಾಗಕ್ಕೆ, ಸ್ಕ್ರೂ ಬಿಚ್ಚಿ ತೆಗೆಯುವಂತೆ ಹಾಕಿಸಬೇಕು. ಲೂವರ್ ಪ್ಯಾನೆಲ್ಲಿನ ಬಗ್ಗೆ ಇಷ್ಟು ಹೇಳಬಹುದು: ಅದರ ಸಂದು ಸಂದಿನಲ್ಲೂ ಧೂಳು ಕೂರುತ್ತದೆ, ಅದನ್ನು ಒಂದೊಂದಾಗಿ ಒರೆಸುವವರು ಯಾರೆಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಸುಣ್ಣದ ಗೋಡೆ ಉಸಿರಾಡುತ್ತದೆ, ತೇವವನ್ನು ಹಿಡಿದು ಬಿಡುತ್ತದೆ. 17ನೇ ಶತಮಾನದಲ್ಲಿ ಕಟ್ಟಿದ ಗೋಳಗುಮ್ಮಟ ಸುಣ್ಣದ ಗಾರೆಯಲ್ಲಿ ಇಂದಿಗೂ ನಿಂತಿರುವುದನ್ನು ವಿಜಯಪುರದವರಿಗೆ ಬೇರೆ ಹೇಳಬೇಕಿಲ್ಲ. ಆದರೆ ಹೊಸ ಸಿಮೆಂಟ್ ಗಿಲಾವಿನ ಮೇಲೆ ಪ್ಲಾಸ್ಟಿಕ್ ಎಮಲ್ಶನ್ ಬಳಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಹಿಡಿದ ಕಡೆಯೂ ಒರಗಿದರೆ ಬಟ್ಟೆಗೆ ಹತ್ತುತ್ತದೆ. ಹಳೆಯ ಮಣ್ಣಿನ ಅಥವಾ ಕಲ್ಲಿನ ಮನೆ ಇರುವವರಿಗೆ ಸುಣ್ಣ ಅತ್ಯುತ್ತಮ. ಹೊಸ ಸಿಮೆಂಟ್ ಮನೆಗೆ ಹೊಳಪಿಲ್ಲದ ಎಮಲ್ಶನ್ನೇ ಸರಿಯಾದ ಆಯ್ಕೆ. ಬಣ್ಣ ಆರಿಸುವಾಗ ಅಂಗೈಯಷ್ಟಿನ ಶೇಡ್ ಕಾರ್ಡನ್ನು ನಂಬಬೇಡಿ. ಎರಡಡಿ ಚೌಕದಷ್ಟು ಗೋಡೆಗೆ ಬಳಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ. ಬೂದು ಬಣ್ಣ ಕೆಲವು ವರ್ಷಗಳಿಂದ ಎಲ್ಲೆಡೆ ಚಾಲ್ತಿಯಲ್ಲಿದೆ. ಬೆಳಗಾವಿಯ ಜುಲೈ ತಿಂಗಳ ಮೋಡದ ಬೆಳಕಿನಲ್ಲಿ ಅದು ಕೋಣೆಯನ್ನು ಇನ್ನಷ್ಟು ಕತ್ತಲಾಗಿಸುತ್ತದೆ, ವಿಜಯಪುರದ ಕಣ್ಣು ಕುಕ್ಕುವ ಬಿಸಿಲಿನಲ್ಲಿ ಅದೇ ಬಣ್ಣ ಕಣ್ಣಿಗೆ ತಂಪೆನಿಸಬಹುದು.

ಅಡುಗೆಮನೆಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪಡಸಾಲೆಗೆ ತೆರೆದುಕೊಂಡ ಓಪನ್ ಕಿಚನ್ ಬೇಕೆನ್ನುವವರು, ಒಣಮೆಣಸಿನಕಾಯಿಯ ಒಗ್ಗರಣೆಯ ಘಾಟು ಪಡಸಾಲೆಯ ಪರದೆಗೆ ಹತ್ತುವುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಮಾಡ್ಯುಲರ್ ಕಟ್ಟೆಯ ಎತ್ತರ ಸಾಮಾನ್ಯವಾಗಿ 34 ಅಂಗುಲದ ಆಸುಪಾಸಿನಲ್ಲಿರುತ್ತದೆ. ದಿನಾಲೂ ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಭುಜ ನೋಯದಿರಲು ಕಟ್ಟೆಯ ಒಂದು ಭಾಗವನ್ನು ನಾಲ್ಕೈದು ಅಂಗುಲ ಕೆಳಗೆ ಮಾಡಿಸುವುದು ಯಾವ ಕ್ಯಾಟಲಾಗಿನಲ್ಲೂ ಇರದ, ಆದರೆ ನಿಜವಾದ ಸೌಕರ್ಯ. ಹಣ ಸಾಕಷ್ಟಿದ್ದರೆ ನೀರು ತಡೆದುಕೊಳ್ಳುವ, ಐ.ಎಸ್. 710 ಗುರುತಿನ ಪ್ಲೈವುಡ್ಡಿನಲ್ಲಿ ಮಾಡಿಸಿ. ಕಡಿಮೆ ಇದ್ದರೆ ನೀರಿಗೆ ಉಬ್ಬುವ ಅಗ್ಗದ ಹಲಗೆಗಿಂತ ಕಡಪಾ ಕಲ್ಲಿನ ಖಾನೆಗಳಿಗೆ ಬಾಗಿಲು ಮಾತ್ರ ಕೂಡಿಸುವುದು ಎಷ್ಟೋ ಮೇಲು. ಕಪ್ಪು ಬಣ್ಣದ ನಲ್ಲಿಗಳು ಈಗ ಬಹಳ ಓಡುತ್ತಿವೆ, ಸವಳು ನೀರಿನ ಊರಿನಲ್ಲಿ ಅವು ಬೇಡವೇ ಬೇಡ.

ಟ್ರೆಂಡಿಗೂ ಸ್ವಂತ ರುಚಿಗೂ ಧಾರಾಳವಾಗಿ ಜಾಗ ಕೊಡಬಹುದಾದದ್ದು ಬಟ್ಟೆ ಮತ್ತು ಸಣ್ಣ ಸಾಮಾನುಗಳಲ್ಲಿ. ಗುಳೇದಗುಡ್ಡದ ಖಣವನ್ನು ದಿಂಬಿನ ಹೊದಿಕೆಗೆ, ಮೇಜಿನ ಪಟ್ಟಿಗೆ ಬಳಸಿದರೆ ಅದರ ಅಂಚು ಮತ್ತು ನಡುವಿನ ಬುಟ್ಟಾ ಹತ್ತಿರದಿಂದ ಕಾಣುತ್ತವೆ. ಅಗಲ ಕಡಿಮೆ ಇರುವುದರಿಂದ ದೊಡ್ಡ ಪರದೆಗೆ ಅದು ಹೊಂದುವುದಿಲ್ಲ. ಇಳಕಲ್ ಸೀರೆಯನ್ನು ಪರದೆ ಮಾಡುವವರು ಹಿಂದೆ ದಪ್ಪ ಅಸ್ತರು ಹಚ್ಚಿಸಬೇಕು, ಇಲ್ಲದಿದ್ದರೆ ಪಶ್ಚಿಮದ ಕಿಟಕಿಯಲ್ಲಿ ಬಿಸಿಲಿಗೆ ಬಣ್ಣ ಹಾರುತ್ತದೆ. ಹಾಗೆ ನೋಡಿದರೆ ಟೋಪಿ ತೆನೆಯ ಸೆರಗಿನ ಭಾಗವನ್ನಷ್ಟೇ ಚೌಕಟ್ಟು ಹಾಕಿಸಿ ನೆರಳಿರುವ ಗೋಡೆಗೆ ತೂಗುಹಾಕುವುದು ಹೆಚ್ಚು ಕಾಲ ಬಾಳುತ್ತದೆ. ದಿವಾನದ ಮೇಲೆ ಮನೆಯ ಹಳೆಯ ಸೀರೆಗಳಿಂದ ಹೊಲಿದ ಕೌದಿ, ಪಡಸಾಲೆಗೆ ನವಲಗುಂದದ ಜಮಖಾನೆ, ಮೂಲೆಗೆ ಖಾನಾಪುರದ ಮಣ್ಣಿನ ಮಡಕೆಯಲ್ಲಿ ಗಿಡ, ಶೆಲ್ಫಿನಲ್ಲಿ ಗೋಕಾಕದ ಮರದ ಗೊಂಬೆ: ಇವೆಲ್ಲ ಇಷ್ಟವಿದ್ದಷ್ಟು ದಿನ ಇಟ್ಟು, ಬೇಡವಾದಾಗ ಎತ್ತಿಡಬಹುದಾದವು. ಬುದ್ಧನ ಮುಖವನ್ನೋ ಕುದುರೆಗಳ ಚಿತ್ರವನ್ನೋ ಮನಸಾರೆ ಮೆಚ್ಚಿ ತಂದಿದ್ದರೆ, ಎಲ್ಲರ ಮನೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ತೆಗೆಯಬೇಕಿಲ್ಲ.

ಯಾರಿಗೆ ಯಾವ ದಾರಿ ಎಂಬುದನ್ನು ಇನ್ನು ಹೇಳಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಮೂರನೆಯ ದಾರಿ ಬಿಟ್ಟು ಬೇರೆ ಇಲ್ಲ, ಇದ್ದರೂ ಬೇಕಿಲ್ಲ. ದೀಪ, ಬಟ್ಟೆ, ಗಿಡ ಇಷ್ಟರಿಂದಲೇ ಕೋಣೆಯ ಮುಖ ಬದಲಾಗುತ್ತದೆ. ಬಾಡಿಗೆಗೆ ಕೊಡಲು ಕಟ್ಟಿಸುವವರು ಎಲ್ಲೆಡೆ ಸಿಗುವ, ಸಾದಾ ಬಣ್ಣದ ಟೈಲ್ಸನ್ನೇ ಹಾಕಿಸಲಿ, ಅಲ್ಲಿ ರುಚಿಗಿಂತ ರಿಪೇರಿಯ ಸುಲಭವೇ ಮುಖ್ಯ. ಕೈಯಲ್ಲಿ ಹಣ ಕಡಿಮೆ ಇರುವ ಹೊಸ ಸಂಸಾರದವರು ಸೀಲಿಂಗ್, ಪ್ಯಾನೆಲ್ ಎರಡನ್ನೂ ಕೈಬಿಟ್ಟು ಆ ಹಣವನ್ನು ನೆಲಕ್ಕೆ, ಮಾಳಿಗೆಯ ಸೋರಿಕೆ ತಡೆಯುವುದಕ್ಕೆ ಮತ್ತು ವೈರಿಂಗಿಗೆ ಹಾಕಲಿ. ಮುಂದೆ ಬೇಕಾಗಬಹುದಾದ ಕಡೆಯೆಲ್ಲ ಪಾಯಿಂಟ್ ಬಿಟ್ಟುಕೊಂಡರೆ ಸಾಕು. ದೊಡ್ಡ ಕೂಡುಕುಟುಂಬಕ್ಕೆ ಕಲ್ಲಿನ ನೆಲದ ವಿಶಾಲ ಪಡಸಾಲೆ, ಕಡಿಮೆ ಕುರ್ಚಿಗಳು, ಹೆಚ್ಚು ಜಮಖಾನೆಗಳು ಒಗ್ಗುತ್ತವೆ. ಹಣಕ್ಕೆ ಕೊರತೆಯಿಲ್ಲದವರಿಗೆ ನನ್ನ ವಿನಂತಿ ಬೇರೆ: ಎಲ್ಲವನ್ನೂ ವಾಸ್ತುಶಾಂತಿಯ ಒಳಗೇ ಮುಗಿಸುವ ಅವಸರ ಮಾಡಬೇಡಿ. ಗೋಡೆ ಮತ್ತು ಚಾವಣಿಯ ಅಲಂಕಾರವನ್ನು ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿದರೆ ಯಾವ ಗೋಡೆಗೆ ತೇವ ಬರುತ್ತದೆ, ಯಾವ ಕಿಟಕಿಯಲ್ಲಿ ಬಿಸಿಲು ಸುಡುತ್ತದೆ, ಮನೆಯವರು ಸಂಜೆ ಎಲ್ಲಿ ಕೂರುತ್ತಾರೆ ಎಂಬುದು ತಾನಾಗಿ ತಿಳಿದಿರುತ್ತದೆ.

ಮನೆಯೊಳಗೇ ಒಮ್ಮತವಿಲ್ಲದಿದ್ದರೆ, ಅಂದರೆ ಮಕ್ಕಳಿಗೆ ಹೊಸತು ಬೇಕು, ಹಿರಿಯರಿಗೆ ಹಳೆಯದೇ ಸಾಕು ಎಂದಾದರೆ, ಇಡೀ ಮನೆಗೆ ಒಂದೇ ಶೈಲಿ ಎಂಬ ಹಟವನ್ನು ಬಿಡುವುದು ಒಳ್ಳೆಯದು. ಮಗಳ ಕೋಣೆಯ ಗೋಡೆಗೆ ಅವಳು ಕೇಳಿದ ಬಣ್ಣವನ್ನೇ ಬಳಿಸಿ, ಅಜ್ಜಿಯ ಕೋಣೆಯ ನೆಲವನ್ನು ಜಾರದಂತೆ ಮಾಡಿಸಿ. ಎಲ್ಲರೂ ಬಳಸುವ ಪಡಸಾಲೆಯ ಟೈಲ್ಸನ್ನೋ ಕಲ್ಲನ್ನೋ ಆರಿಸುವ ಮುನ್ನ ಎರಡು ಮೂರು ಮಾದರಿಗಳನ್ನು ಅಂಗಡಿಯಿಂದ ತಂದು ಬಾಗಿಲ ಬಳಿ ಒಂದು ವಾರ ಹಾಸಿಡಿ. ಅವುಗಳ ಮೇಲೆ ಓಡಾಡಲಿ, ಬೋರಿನ ನೀರಿನಿಂದಲೇ ಒರೆಸಲಿ, ಚಹಾ ಚೆಲ್ಲಲಿ. ವಾರದ ಕೊನೆಗೆ ದಿನಾಲೂ ನೆಲ ಒರೆಸುವವರ ಅಭಿಪ್ರಾಯವನ್ನು ಎಲ್ಲರಿಗಿಂತ ಮೊದಲು ಕೇಳಿ, ಅದಕ್ಕೇ ಹೆಚ್ಚಿನ ತೂಕ ಕೊಡಿ.